ಸಂಕದ ಆಚೆಯ ಹೈಸ್ಕೂಲು

ಕುಂದಾಪುರ, ಬೈಂದೂರು ತಾಲೂಕಿನ ಶಾಲೆಗಳಿಗೆ ಮಳೆಯ ರಜೆ, ಬ್ರಹ್ಮಾವರಕ್ಕೆ ಇಲ್ಲ ಎಂದು ಮೊಬೈಲಿನಲ್ಲಿ ಸುದ್ದಿ ಬರುವಾಗ ಬೆಳಿಗ್ಗೆ ಏಳು ಗಂಟೆ. ಸುಗುಣ ಆಗಲೇ ಮಿಂದು, ಬಿಸಿಯೂಟದ ಅಡುಗೆಗೆ ಉಡುವ ಹಳೆ ಸೀರೆ ಉಟ್ಟು ಆಗಿತ್ತು. ಹೊರಗೆ ಕಂಡರೆ ಚೊಕ್ಕ ಬಿಸಿಲು. ರಾತ್ರಿಯೆಲ್ಲ ಹೊಯ್ದ ಮಳೆ ರಜೆಯ ಸುದ್ದಿ ಕೇಳಿಯೇ ನಿಂತಿತೋ ಏನೋ, ರಜೆ ಕೊಟ್ಟ ದಿನ ಮಳೆ ಬರಬಾರದು ಎಂದು ಈ ಊರಿಗೆ ಯಾರೋ ಹೇಳಿಕೊಂಡ ಹರಕೆ ಇರಬೇಕು. ನೂರ ಎಂಬತ್ತು ಮಕ್ಕಳ ಅನ್ನಕ್ಕೆ ನೀರಿಡುವ ಹೊತ್ತಿಗೆ ಮೂರು ಜನರ ಗಂಜಿ ಇಟ್ಟು ಕೂತರೆ ಕೈ ಎಲ್ಲಿಡಬೇಕು ಎಂದೇ ತಿಳಿಯುವುದಿಲ್ಲ. ಕಣ್ಣು ಮತ್ತೆ ಮತ್ತೆ ಕಪಾಟಿನ ಮೇಲಕ್ಕೆ ಹೋಗುತ್ತಿತ್ತು. ಅಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮೋಕ್ಷಿತಾಳ ಟಿ.ಸಿ. ಎಂಟು ದಿನದಿಂದ ಬಿದ್ದಿದೆ. ಏಳನೆಯದು ಮುಗಿಸಿದ ಮಗಳು ಎಂಟನೆಯದಕ್ಕೆ ಯಾವ ಹೈಸ್ಕೂಲಿಗೆ ಎಂಬುದು ಇನ್ನೂ ನಿಕ್ಕಿಯಾಗಿಲ್ಲ. ಶಾಲೆ ಶುರುವಾಗಿ ವಾರವಾಯಿತು, ನಾಳೆಯೇ ಕೊನೆ ಎಂದು ಎರಡೂ ಕಡೆಯಿಂದ ಹೇಳಿ ಕಳಿಸಿದ್ದಾರೆ.

ಎರಡೂ ಕಡೆ ಎಂದರೆ ದೂರ ಏನಲ್ಲ. ಪೇಟೆಯ ನಡುವೆ ಒಂದು ತೋಡು ಹರಿಯುತ್ತದೆ, ತೋಡಿಗೆ ಅಡ್ಡ ಒಂದು ಸಂಕ, ನಡೆದು ದಾಟುವ ಸಣ್ಣ ಸೇತುವೆ. ಸಂಕದ ಈಚೆ ಕುಂದಾಪುರ ತಾಲೂಕು, ಆಚೆ ಬ್ರಹ್ಮಾವರ. ಈಚೆಯದು ಗುಡ್ಡೆ ಹೈಸ್ಕೂಲು, ಆಚೆಯದು ಬಯಲು ಹೈಸ್ಕೂಲು. ಬೋರ್ಡಿನ ಮೇಲೆ ಬೇರೆ ಉದ್ದದ ಹೆಸರುಗಳಿವೆ, ಯಾರೂ ಹೇಳುವುದಿಲ್ಲ. ಎರಡೂ ಸರಕಾರದ್ದೇ, ಒಂದೇ ಪುಸ್ತಕ, ಒಂದೇ ನೀಲಿ ಯೂನಿಫಾರ್ಮು, ವಾರಕ್ಕೆ ಅಷ್ಟೇ ಮೊಟ್ಟೆ. ಆದರೆ ಮೇ ತಿಂಗಳು ಬಂತೆಂದರೆ ಪೇಟೆಯವರ ಬಾಯಿಗೆ ಬೇರೆ ಕೆಲಸವಿಲ್ಲ. ಗುಡ್ಡೆಯಲ್ಲಿ ಈ ಸಲ ನೂರಕ್ಕೆ ನೂರು ಪಾಸು ಅಂಬ್ರು. ಹೌದು ಮಾರಾಯ್ರೆ, ಬರೆದದ್ದು ಹತ್ತೊಂಬತ್ತೇ ಮಕ್ಕಳು. ಬಯಲಿನಲ್ಲಿ ಇಬ್ಬರು ಫೇಲು, ಆದರೆ ಅಲ್ಲಿನ ಒಂದು ಹುಡುಗಿ ಆರುನೂರ ಹದಿನೆಂಟು ತೆಗೆದು ಫ್ಲೆಕ್ಸಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು ನಗುತ್ತಿದ್ದಾಳೆ. ಗುಡ್ಡೆಯಲ್ಲಿ ಗಣಿತಕ್ಕೆ ಟೀಚರಿದ್ದಾರೆ, ವಿಜ್ಞಾನಕ್ಕಿಲ್ಲ. ಬಯಲಿನಲ್ಲಿ ವಿಜ್ಞಾನಕ್ಕಿದ್ದಾರೆ, ಹಿಂದಿಯವರು ವಾರಕ್ಕೆ ಮೂರು ದಿನ ಇನ್ನೊಂದು ಶಾಲೆಗೆ ಹೋಗುತ್ತಾರೆ. ಅಲ್ಲಿ ಆಟದ ಬಯಲಿದೆ, ಮಳೆಗಾಲದಲ್ಲಿ ಅದು ಗದ್ದೆ. ಇಲ್ಲಿ ಹೆಣ್ಣುಮಕ್ಕಳಿಗೆ ಹೊಸ ಪಾಯಿಖಾನೆ ಕಟ್ಟಿದ್ದಾರೆ, ನೀರು ಮೇಲಕ್ಕೆ ಹತ್ತುವುದಿಲ್ಲ. ಸುಗುಣ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ರಾತ್ರಿ ಮಲಗಿದಲ್ಲಿ ಒಂದನ್ನು ಒಂದರ ಪಕ್ಕಕ್ಕಿಟ್ಟು ನೋಡಿದ್ದಳು, ಯಾವುದೂ ತೂಕಕ್ಕೆ ಬರಲಿಲ್ಲ. ಯಾಕೆಂದರೆ ಅವಳಿಗೆ ತಿಳಿಯಬೇಕಾದದ್ದು ಇವು ಯಾವುವೂ ಅಲ್ಲ.

"ಎಂತ ಯೋಚ್ನೆ ಮಾಡೂಕ್ ಇತ್ತ್ ಅದ್ರಲ್ಲಿ?" ಅಶೋಕ ಜಗಲಿಯ ಚಿಟ್ಟೆಯ ಮೇಲೆ ಬಲೆ ಹರಡಿಕೊಂಡು ಕೂತಿದ್ದ. ಜೂನ್, ಜುಲೈ ಬೋಟು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಗಂಡ ಹರಿದ ಬಲೆಯನ್ನೂ ಮನೆಯವರ ತಲೆಯನ್ನೂ ಒಟ್ಟಿಗೆ ರಿಪೇರಿ ಮಾಡಲು ಹೊರಡುತ್ತಾನೆ. "ಗುಡ್ಡೆಗೇ ಹೋಗ್ಲಿ. ನೀ ಅಲ್ಲೇ ಇದ್ದೆ. ನಾ ಕಲ್ತದ್ದೂ ಅಲ್ಲೇ."

"ನೀವ್ ಕಲ್ತದ್ದ್ ಊರಿಗೇ ಗೊತ್ತಿತ್ತ್."

"ಕಬಡ್ಡಿಯಲ್ಲಿ ಬಯಲಿನವ್ರನ್ನ ಎರಡ್ ಸಲ ಸೋಲ್ಸಿದ್ದ್ ಯಾರ್ ಕೇಣ್. ಪರೀಕ್ಷೆ ಬೇರೆ ವಿಷಯ."

ಅವನ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡುತ್ತಿದ್ದ ಮೋಕ್ಷಿತಾ ನಗಾಡಿದಳು. ನಕ್ಕರೆ ಅಪ್ಪನ ಹಾಗೇ, ಕಣ್ಣು ಪೂರ್ತಿ ಮುಚ್ಚುತ್ತದೆ. ಆದರೆ ಕೇಳಿದರೆ ಮಾತ್ರ ಒಂದೇ ಮಾತು: "ಆಚೆದ್ದ್." ಯಾಕೆ ಎಂದು ಕೇಳಿದರೆ "ಸುಮ್ನೆ." ಗೆಳತಿಯರು ಅಲ್ಲಿಗೆ ಹೋಗುತ್ತಾರಾ ಎಂದರೆ ಇಲ್ಲ, ಅವರೆಲ್ಲ ಗುಡ್ಡೆಗೇ. ಜಗಳ ಮಾಡಿಕೊಂಡಿದ್ದೀಯಾ ಎಂದರೆ ಅದೂ ಇಲ್ಲ. ಹಾಗಾದರೆ ಉಳಿಯುವುದು ಒಂದೇ ಕಾರಣ, ಅದನ್ನು ಕೇಳಲು ಸುಗುಣಳಿಗೆ ಬಾಯಿ ಬರಲಿಲ್ಲ. ಗುಡ್ಡೆಯ ಪ್ರೈಮರಿಯೂ ಹೈಸ್ಕೂಲೂ ಒಂದೇ ಕಂಪೌಂಡಿನೊಳಗೆ, ಎರಡಕ್ಕೂ ಒಂದೇ ಅಡುಗೆಕೋಣೆ, ಅಡುಗೆ ಇವಳದ್ದು. ಒಂದನೆಯ ಕ್ಲಾಸಿನಿಂದ ಮಗಳು ಬಟ್ಟಲು ಹಿಡಿದು ನಿಂತದ್ದು ಇವಳ ಸೌಟಿನ ಎದುರೇ. ಸಣ್ಣವಳಿಗೆ ಅದು ತಿಳಿಯುತ್ತಿರಲಿಲ್ಲ. ಈಗ ತಿಳಿಯುತ್ತದೆ. ಹದಿಮೂರು ವರ್ಷದ ಹೆಣ್ಣಿಗೆ, ಟೊಪ್ಪಿ ಹಾಕಿ ಬೆವರೊರೆಸುತ್ತ ನಿಂತು ಊರ ಮಕ್ಕಳಿಗೆಲ್ಲ ಸಾಂಬಾರು ಹೊಯ್ಯುವ ಅಬ್ಬೆ ಇನ್ನೂ ಮೂರು ವರ್ಷ ಕಣ್ಣೆದುರು ಬೇಡ. ನಾಚಿಕೆ. ಈ ಒಂದು ಶಬ್ದ ಎಂಟು ದಿನದಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ನುಂಗಿದರೂ ಹೋಗದು, ಕಕ್ಕಿದರೂ ಬಾರದು.

ಹತ್ತೂವರೆಗೆ ಎದ್ದು, ಮದುವೆಗೆ ಹೋಗುವಾಗ ಉಡುವ ಹಸಿರು ಸೀರೆ ಉಟ್ಟಳು. ಆಚೆಯ ಶಾಲೆಗೆ ಇವತ್ತು ರಜೆಯಿಲ್ಲ, ಹೋಗಿ ಕಣ್ಣಾರೆ ಕಂಡು ಬರುವುದು. ಹೆಡ್‌ಮಾಸ್ಟರ ಎದುರು ಕುರ್ಚಿಯಲ್ಲಿ ಕೂತು ಕೇಳಬೇಕಾದ ಪ್ರಶ್ನೆಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು: ರಿಸಲ್ಟು ಎಷ್ಟು ಸರ್, ಕಂಪ್ಯೂಟರು ಉಂಟಾ ಸರ್, ಸಂಜೆ ಸ್ಪೆಷಲ್ ಕ್ಲಾಸು ಎಷ್ಟು ಹೊತ್ತಿನ ತನಕ ಸರ್. ಶಿರೂರಿನ ಅಪ್ಪನ ಮನೆಯಲ್ಲಿ ಇವಳನ್ನು ಎಂಟನೆಯದಕ್ಕೆ ಸೇರಿಸುವಾಗ ಇದನ್ನೆಲ್ಲ ಯಾರು ಕೇಳಿದ್ದರು? ಮೀನಿನ ಬುಟ್ಟಿ ಕೆಳಗಿಟ್ಟು ಅಬ್ಬೆ ಶಾಲೆಯ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ, ವಾಸನೆ ಬರ್ತದೆ ಎಂದು. ಆಗ ಸುಗುಣಳಿಗೆ ನಾಚಿಕೆಯಾಗಿತ್ತಾ? ಆಗಿತ್ತು. ಸುಳ್ಳು ಯಾಕೆ ಹೇಳಬೇಕು, ಆಗಿತ್ತು. ಹುಡುಗಿಯರು ನೋಡುವ ಮೊದಲು ಅಬ್ಬೆ ಹೋಗಿಬಿಡಲಿ ಎಂದು ದೇವರಿಗೆ ಹೇಳಿಕೊಂಡದ್ದೂ ಹೌದು. ಹಾಗಾಗಿಯೇ ಮಗಳ "ಸುಮ್ನೆ" ಎಂಬ ಮಾತನ್ನು ಅವಳಿಗೆ ನಂಬಲಿಕ್ಕಾಗದ್ದು. ಸಂಕದ ಕೆಳಗೆ ತೋಡು ಕೆಂಪಾಗಿ ತುಂಬಿ ಓಡುತ್ತಿತ್ತು, ಆಚೆ ದಂಡೆಯಲ್ಲಿ ಯಾರದ್ದೋ ಹಟ್ಟಿಯ ಕರು ಒದ್ದೆ ಹುಲ್ಲು ಮೇಯುತ್ತಿತ್ತು.

ಬಯಲು ಹೈಸ್ಕೂಲಿನ ಗೇಟು ದಾಟಿದವಳು ಆಫೀಸಿಗೇ ಹೋಗಬೇಕಿತ್ತು. ಕಾಲು ಕೇಳಬೇಕಲ್ಲ. ಸಾಂಬಾರಿನ ವಾಸನೆ ಹಿಡಿದು ಅವು ಕಟ್ಟಡದ ಹಿಂದಕ್ಕೆ ಹೋದವು. ಸೌತೆಕಾಯಿ, ತೊಗರಿ, ಕೊತ್ತಂಬರಿ ಒಂಚೂರು ಹೆಚ್ಚೇ ಹುರಿದಿದೆ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಇಣುಕಿದಳು. ತೊಳೆದ ಪಾತ್ರೆಗಳನ್ನು ಬೋರಲು ಹಾಕಿದ್ದಾರೆ, ಒಳ್ಳೆಯದು. ತರಕಾರಿಯ ಸಿಪ್ಪೆ ಬಕೆಟ್ಟಿನಲ್ಲಿದೆ, ನೆಲದ ಮೇಲಿಲ್ಲ. ಅಕ್ಕಿಯ ಡಬ್ಬಕ್ಕೆ ಮುಚ್ಚಳ ಸರಿಯಾಗಿದೆ. ರಿಸಲ್ಟು ಗಿಸಲ್ಟು ಏನೇ ಇರಲಿ, ಒಂದು ಶಾಲೆಯ ಹಣೆಬರಹ ಕಾಣಬೇಕಾದರೆ ಅದರ ಅಡುಗೆಕೋಣೆಯ ಮೂಲೆ ಕಾಣಬೇಕು. ಒಳಗೆ ಒಬ್ಬಳೇ ಹೆಂಗಸು, ಐವತ್ತರ ಹತ್ತಿರದವಳು, ಅನ್ನದ ದೊಡ್ಡ ಪಾತ್ರೆಯ ಜೊತೆ ಗುದ್ದಾಡುತ್ತಿದ್ದಳು.

"ಯಾರ್ ಬೇಕಿತ್ತ್?"

"ಯಾರಿಲ್ಲ. ಮಗಳನ್ನ ಸೇರ್ಸೂಕೆ ಕೇಣುವ ಅಂತ ಬಂದದ್ದ್."

"ಆಫೀಸ್ ಎದುರ್ಗ್ ಇತ್ತ್." ಹೆಂಗಸು ಪಾತ್ರೆ ಬಿಟ್ಟು ಇವಳನ್ನು ಕಾಲಿನಿಂದ ತಲೆಯ ತನಕ ಕಂಡಳು. ಸುಗುಣ ಹಬೆ ಬರುವ ಬದಿ ಬಿಟ್ಟು, ಸೆರಗು ಎಡಕ್ಕೆ ಒತ್ತಿ ಹಿಡಿದು ನಿಂತಿದ್ದಳು. ದಿನಾ ದೊಡ್ಡ ಒಲೆಯ ಮುಂದೆ ನಿಲ್ಲುವವರು ಮಾತ್ರ ಹಾಗೆ ನಿಲ್ಲುತ್ತಾರೆ. ಹೆಂಗಸಿನ ತುಟಿಯ ಕೊನೆಯಲ್ಲಿ ಏನೋ ಮೂಡಿ ಮಾಯವಾಯಿತು. "ನಾನ್ ಪ್ರಫುಲ್ಲಾ. ನನ್ನ ಜೊತಿಯವ್ಳ್ ಇವತ್ತ್ ಬರ್ಲಿಲ್ಲ. ಅವ್ಳ ಮನೆ ಸಂಕದ ಆಚೆ ಕುಂದಾಪುರ ಬದಿ, ಮಕ್ಕಳಿಗೆ ರಜೆ, ಹಾಂಗಾಯಿ ಅವ್ಳಿಗೂ ರಜೆ. ಒಂದ್ ಕೈ ಹಿಡೀತ್ರ್ಯಾ ಅಕ್ಕ? ನೂರ ನಲ್ವತ್ತ್ ಮಕ್ಕಳ್ ಇತ್ತ್."

ಆಗದು ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟರೊಳಗೆ ಹಸಿರು ಸೀರೆಯ ಸೆರಗು ಸೊಂಟಕ್ಕೆ ಹೋಗಿ ಆಗಿತ್ತು. ಇಬ್ಬರೂ ಪಾತ್ರೆ ಇಳಿಸಿದರು, ಗಂಜಿ ಬಸಿದರು. ಉಪ್ಪು ನೋಡಿ ಸಹಿ ಹಾಕಲು ಬಂದ ಹೆಡ್‌ಮಾಸ್ಟರು, ತೆಳ್ಳಗೆ, ಬಿಳಿ ಶರಟಿನವರು, ಒಂದು ತುತ್ತು ಉಂಡು ಪುಸ್ತಕಕ್ಕೆ ಸಹಿ ಹಾಕಿ, ಇವಳತ್ತ ತಿರುಗಿ, "ಬದಲಿಗೆ ಬಂದವರಾ? ತಲೆಗೆ ಟೊಪ್ಪಿ ಹಾಕ್ಕೊಳ್ಳಿ ಅಮ್ಮ, ಕೂದಲು ಬಿದ್ದರೆ ಕಷ್ಟ," ಎಂದರು. ರಿಸಲ್ಟು ಎಷ್ಟು ಸರ್, ಕಂಪ್ಯೂಟರು ಉಂಟಾ ಸರ್. "ಹೌದು ಸರ್," ಎಂದಳು ಸುಗುಣ, ಮೊಳೆಗೆ ಸಿಕ್ಕಿಸಿದ್ದ ಯಾರದ್ದೋ ಟೊಪ್ಪಿ ತೆಗೆದು ಹಾಕಿಕೊಂಡಳು. ಮುಖ ಬಿಸಿಯಾಯಿತು. ಕುರ್ಚಿಯಲ್ಲಿ ಕೂರಬೇಕೆಂದು ಬಂದವಳನ್ನು ಊರು ಬಿಟ್ಟು ಊರಿಗೆ ಬಂದರೂ ಸೌಟು ಬಿಡುವುದಿಲ್ಲ ಎಂದು ನಗುವೂ ಬಂತು.

ಗಂಟೆ ಹೊಡೆಯಿತು, ಮಕ್ಕಳು ಸಾಲಾಗಿ ಬಂದರು. ಅವೇ ಮಕ್ಕಳು. ಗುಡ್ಡೆಯಲ್ಲಿ ಕಾಣುವ ಅದೇ ಎಣ್ಣೆ ಹಚ್ಚಿದ ಎರಡು ಜಡೆ, ಅದೇ ಮೀಸೆ ಚಿಗುರುವ ಮೂತಿ, ಸೌತೆಕಾಯಿ ಹೋಳು ಬೇಡ ಎಂದು ಮೂಗು ಮುರಿಯುವವ ಒಬ್ಬ, ಹೋಳೇ ಬೇಕು ಎನ್ನುವವಳು ಇನ್ನೊಬ್ಬಳು. ಇದಕ್ಕಾಗಿ ಊರೆಲ್ಲ ಮೇ ತಿಂಗಳಿಡೀ ಬಾಯಿ ಬಡಿದುಕೊಂಡಿತಾ ಎಂದು ಅವಳಿಗೆ ಅವರ ಮೇಲೆ ಅಕ್ಕರೆಯೇ ಬಂತು. ಕೈ ತನ್ನಷ್ಟಕ್ಕೆ ಬಡಿಸುತ್ತಿತ್ತು, ಬಾಯಿ ತನ್ನಷ್ಟಕ್ಕೆ ಕೇಳುತ್ತಿತ್ತು, ಸಾಕಾ ಮಗಾ, ಇನ್ನೊಂದ್ ಸೌಟ್ ಹಾಕ್ಲಾ, ಹೊಟ್ಟೆ ತುಂಬ ಉಣ್ಕ್ ಹಾಂ. ಒಬ್ಬಳು ಸಣ್ಣ ಹುಡುಗಿ ಬಟ್ಟಲು ಹಿಡಿದು ಮಾತಾಡದೆ ನಿಂತಳು, ಅರ್ಧ ಸೌಟಿಗೇ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು, ಆ ಎಳೆದುಕೊಳ್ಳುವ ರೀತಿ ಕಂಡು ಸುಗುಣಳ ಸೌಟು ಗಾಳಿಯಲ್ಲೇ ನಿಂತಿತು. ಮೋಕ್ಷಿತಾ ಹೀಗೇ ಎಳೆದುಕೊಳ್ಳುವುದು. ಎಂದಿನಿಂದ? ಮಗಳು ಎರಡನೆಯ ಕ್ಲಾಸಿನಲ್ಲಿದ್ದಾಗ ಪೋಷಕರ ಸಭೆಯಲ್ಲಿ ಯಾರೋ ಹೆಂಗಸು, ಮುಖ ಕೂಡ ಈಗ ನೆನಪಿಲ್ಲ, ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತಿಲ್ಲ ಅಲ್ದಾ ಎಂದು ನಗಾಡಿದ್ದಳು. ನಾಲ್ಕು ಜನ ನಕ್ಕರು. ಹೆಸರು ಹೇಳಲಿಲ್ಲ, ಇವಳತ್ತ ನೋಡಲೂ ಇಲ್ಲ. ಆದರೆ ಮರುದಿನದಿಂದ ಸುಗುಣಳ ಕೈ ಗಟ್ಟಿಯಾಯಿತು. ಮಗಳ ಬಟ್ಟಲು ಬಂದಾಗ ಸೌಟು ಮುಕ್ಕಾಲೇ ತುಂಬಬೇಕು. ಹೋಳು ಬಿದ್ದರೆ ಬಿತ್ತು, ಹುಡುಕಿ ಹಾಕುವಂತಿಲ್ಲ. ಒಡೆದ ಮೊಟ್ಟೆ, ಕಪ್ಪಾದ ಬಾಳೆಹಣ್ಣು ಇದ್ದರೆ ಅದು ಅವಳಿಗೆ, ಬೇರೆ ಮಕ್ಕಳಿಗೆ ಕೊಟ್ಟು ಮಾತು ಕೇಳುವುದು ಯಾಕೆ. ಒಂದು ದಿನ, ಮೂರನೆಯ ಕ್ಲಾಸೋ ಏನೋ, ಅವಳು ಎರಡನೆಯ ಸಲ ಬಟ್ಟಲು ಹಿಡಿದು ಬಂದಳು, ಇವಳು ಅವಳ ತಲೆಯ ಮೇಲಿಂದ ಹಿಂದಿನ ಹುಡುಗನ ಬಟ್ಟಲಿಗೆ ಬಡಿಸಿದಳು. ಮತ್ತೆ ಆ ಹೆಣ್ಣು ಎರಡನೆಯ ಸಲ ಬಂದದ್ದಿಲ್ಲ. ಎಷ್ಟು ಬುದ್ಧಿಯ ಮಗು ಎಂದು ಆಗ ಇವಳು ಒಳಗೊಳಗೇ ಹೆಮ್ಮೆಪಟ್ಟದ್ದು. ಹೆಮ್ಮೆಯಂತೆ ಹೆಮ್ಮೆ. ಎದುರಿನ ಹುಡುಗಿ ಇನ್ನೂ ನಿಂತಿದ್ದಳು. "ಸಾಕಾ ಮಗಾ?" ಎಂದು ಕೇಳಿ ಸುಗುಣ ಒಂದು ಹೋಳು ಹುಡುಕಿ ಹಾಕಿದಳು.

ಪಕ್ಕದಲ್ಲಿ ಅನ್ನ ಬಡಿಸುತ್ತಿದ್ದ ಪ್ರಫುಲ್ಲಾ ಮೆಲ್ಲ ಹೇಳಿದಳು, "ಗುಡ್ಡೆಯ ಅಡ್ಗೆಯ ಅಕ್ಕ ಸಾಕಾ ಮಗಾ ಅಂತ ಕೇಳಿಯೇ ಬಡ್ಸುದ್ ಅಂತ ಅಕ್ಷಯಾ ಹೇಳಿದ್ದ್ ಸಮ ಇತ್ತ್."

"ಯಾವ ಅಕ್ಷಯಾ?"

"ಗುಡ್ಡೆ ಹೈಸ್ಕೂಲಲ್ಲಿ ಹತ್ತನೇದ್. ಎಡದ ಹುಬ್ಬಲ್ಲಿ ಗಾಯದ ಕಲೆ ಇಪ್ಪ ಹೆಣ್ಣ್. ನನ್ನ ಮಗಳ್ ಅದ್, ಅಕ್ಕ."

ಸುಗುಣ ತಿರುಗಿ ನೋಡಿದಳು. ಆ ಅಕ್ಷಯಾ ಗೊತ್ತಿಲ್ಲದೆ ಉಂಟೇ? ದಿನಾ ಎರಡು ಸಲ ಬರುವವಳು, ಅಕ್ಕ ಒಂಚೂರ್, ಅಕ್ಕ ಹೋಳ್, ಎಂದು ಸೌಟಿಗೇ ನೇತಾಡುವವಳು. ಪರೀಕ್ಷೆಯ ದಿನ ಬಾಡಿದ ಮುಖ ಕಂಡು ಇವಳು ಎರಡು ಮೊಟ್ಟೆ ಹಾಕಿದ್ದೂ ಉಂಟು. ಸಂಕದ ಆಚೆಯ ಮಗು, ಪಾಪ ನಡೆದು ಬರ್ತದೆ ಎಂದಷ್ಟೇ ತಿಳಿದಿದ್ದಳು, ಯಾರ ಮಗು ಎಂದು ಕೇಳಿರಲಿಲ್ಲ. "ನಿಮ್ಮ ಮಗಳಾ? ಮತ್ತೆ ಇಲ್ಲೇ ಶಾಲೆ ಇಟ್ಕಂಡ್ ಅಲ್ಲಿಗೆ ಎಂತಕೆ ಕಳ್ಸಿದ್ರಿ?"

"ನನ್ನ ಕೈ ನಂಗ್ ಗೊತ್ತಿತ್ತಲೆ," ಎಂದಳು ಪ್ರಫುಲ್ಲಾ. ಒಬ್ಬ ಹುಡುಗನಿಗೆ ಬಡಿಸಿ, ಇನ್ನೊಬ್ಬನಿಗೆ ಬಡಿಸಿದಳು. "ನಾನ್ ಮೊದ್ಲ್ ಇಲ್ಲಿಯ ಪ್ರೈಮರಿಯಲ್ಲಿ ಇದ್ದದ್ದ್, ಅದೂ ಅಲ್ಲೇ ಕಲ್ತದ್ದ್. ಯಾರ್ ಎಂತ ಹೇಳ್ತ್ರೋ ಅಂತ ಅದ್ರ ಬಟ್ಲಿಗೆ ಸಮ ಬಡ್ಸೂಕೇ ಆಯ್ಲಿಲ್ಲ ಅಕ್ಕ. ಊರ ಮಕ್ಕಳಿಗೆಲ್ಲ ಬಡ್ಸಿದೆ. ನಾನ್ ಇಲ್ಲಿಗ್ ಬಂದ ವರ್ಷವೇ ಅದ್ ಎಂಟನೇದಕ್ಕೆ ಬಂತ್. ಇನ್ನೂ ಮೂರ್ ವರ್ಷ ಅರೆಹೊಟ್ಟೆ ಬ್ಯಾಡ ಅಂತ ನಾನೇ ಆಚೆ ಕಳ್ಸಿದೆ."

ಸುಗುಣ ಉಳಿದ ಸಾಲಿಗೆ ಬಡಿಸಿದಳು, ಪಾತ್ರೆ ತೊಳೆಯಲು ಕೈಹಾಕಿದಳು, ಪ್ರಫುಲ್ಲಾ ಒತ್ತಾಯ ಮಾಡಿ ಬಡಿಸಿದ ಊಟ ಉಂಡಳು. ಕೊತ್ತಂಬರಿ ಹೆಚ್ಚು ಹುರಿದದ್ದು ಹೌದು, ಆದರೆ ರುಚಿಗೆ ಕೊರತೆಯಿಲ್ಲ. ಸಂಕ ದಾಟಿ ಬರುವಾಗ ಅವಳಿಗೆ ಒಂದು ನಮೂನೆ ಹಗುರವೂ ಆಗಿತ್ತು, ಅಳುವೂ ಬರುತ್ತಿತ್ತು. ನಾಚಿಕೆ ಅಲ್ಲ, ಹಸಿವು. ಹಸಿವಾದರೆ ಮದ್ದಿದೆ. ತಾನು ಸರಿಮಾಡಬಲ್ಲೆ, ನಾಳೆಯಿಂದಲೇ ತುಂಬಿದ ಸೌಟು ಹಾಕಿದರಾಯಿತು, ಯಾವಳು ಏನಾದರೂ ಹೇಳಿಕೊಳ್ಳಲಿ. ಹಾಗಾದರೆ ಗುಡ್ಡೆಗೇ ಸೇರಿಸಬಹುದು, ಕಣ್ಣೆದುರೇ ಇರುತ್ತಾಳೆ. ಮನೆಯ ಅಂಗಳಕ್ಕೆ ಬರುವಷ್ಟರಲ್ಲಿ ಅವಳು ಇದನ್ನು ನಿಕ್ಕಿ ಮಾಡಿಯೂ ಆಗಿತ್ತು.

ಅಶೋಕ ಒಳಗೆ ಮಲಗಿದ್ದ. ಮೋಕ್ಷಿತಾ ಚಿಟ್ಟೆಯ ಮೇಲೆ ಒಬ್ಬಳೇ ಕೂತು ನೂಲು ಸುತ್ತುತ್ತಿದ್ದಳು. ಸುಗುಣ ಹಸಿರು ಸೀರೆಯಲ್ಲೇ ಅವಳ ಪಕ್ಕ ಕೂತಳು.

"ಮಗಾ, ಒಂದ್ ಕೇಳ್ತೆ. ಸಮ ಹೇಳ್ಕ್. ನಾ ಅಲ್ಲಿ ಬಡ್ಸೂದ್ ನಿಂಗ್ ನಾಚ್ಕೆಯಾ?"

"ನಾಚ್ಕೆ ಎಂತಕೆ?" ಮಗಳು ನಿಜವಾಗಿಯೂ ಅರ್ಥವಾಗದೆ ನೋಡಿದಳು.

"ಮತ್ತೆ, ನಾ ನಿಂಗ್ ಕಮ್ಮಿ ಹಾಕ್ತೆ ಅಂತ ಅಲ್ದಾ? ಗೊತ್ತಾಯ್ತ್ ನಂಗೆ. ಇನ್ನ್ ಮೇಲೆ ಹಾಂಗ್ ಮಾಡುದಿಲ್ಲ. ಹೊಟ್ಟೆ ತುಂಬ ಹಾಕ್ತೆ."

ಮೋಕ್ಷಿತಾ ನೂಲಿನ ತುದಿ ಹುಡುಕಿದಳು, ಸಿಕ್ಕಿತು, ಮತ್ತೆ ಬಿಟ್ಟಳು. "ಅನ್ನ ಸಾಕಾತಿತ್ತ್ ಅಮ್ಮ. ಮನೆಗ್ ಬಂದ್ ಉಂಬುದೇ ಅಲ್ದಾ." ನೂಲನ್ನು ಮತ್ತೆ ಕೈಗೆತ್ತಿಕೊಂಡಳು. "ನೀ ಎಲ್ಲರ ಮುಖ ಕಾಂತೆ. ಸಾಕಾ ಮಗಾ ಅಂತ ಎಲ್ಲರ ಹತ್ರ ಕೇಳ್ತೆ. ನಾ ಬಂದ್ರೆ ಬಟ್ಲ್ ಮಾತ್ರ ಕಾಂತೆ. ನನ್ನ ಹತ್ರ ಒಂದಿನ ಕೂಡ ಕೇಳ್ಲಿಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಮಳೆ ಬಂತು, ಬಟ್ಟೆ ಒಣಗಲಿಲ್ಲ ಎಂದಷ್ಟೇ ಸಾದಾ ದನಿಯಲ್ಲಿ ಹೇಳಿದಳು. ಅದಕ್ಕೇ ಸುಗುಣಳಿಗೆ ತಡೆಯಲಾಗಲಿಲ್ಲ. ಮುಖ ಕಂಡರೆ ಕೈ ಹೆಚ್ಚು ಬಡಿಸಿಬಿಡುತ್ತದೆ, ಅದಕ್ಕೇ ಮಗಾ ನಾನು ಕಾಣದೆ ಇದ್ದದ್ದು, ಎಂದು ಹೇಳಬೇಕೆಂದಿತ್ತು. ಹೇಳಿದರೆ ಅಳುತ್ತೇನೆ ಎಂದು ಮಗಳ ತಲೆಯನ್ನು ಎದೆಗೆ ಎಳೆದುಕೊಂಡಳು. ಹುಡುಗಿ, ಸೀರೆ ಹಾಳಾತ್ತ್ ಅಮ್ಮ, ಸಾಂಬಾರ್ ವಾಸನೆ ಬತ್ತ್, ಎಂದು ಗೊಣಗುತ್ತ ಅಲ್ಲೇ ಇದ್ದಳು. ನಾಳೆಯಿಂದ ಗುಡ್ಡೆಯ ಸಾಲಿನಲ್ಲಿ ಈ ಮುಖವನ್ನು ಕಂಡು ಕೇಳಲು ತನ್ನಿಂದ ಆದೀತಾ? ನೂರ ಎಂಬತ್ತು ಜನರ ಎದುರು? ಆರು ವರ್ಷ ಕಟ್ಟಿಹಾಕಿದ ಕಣ್ಣು ಒಂದೇ ದಿನಕ್ಕೆ ಬಿಚ್ಚಿಕೊಳ್ಳುವುದಿಲ್ಲ. ತನ್ನ ಯೋಗ್ಯತೆ ತನಗೆ ಗೊತ್ತು. ಅವಳು ಎದ್ದು ಕಪಾಟಿನ ಮೇಲಿಂದ ಟಿ.ಸಿ. ತೆಗೆದು ತನ್ನ ಚೀಲಕ್ಕೆ ಹಾಕಿದಳು. "ನಾಳೆ ಬೆಳಿಗ್ಗೆ ಬೇಗ ಏಳ್ಕ್. ಆಚೆಗೆ ಹೋಪ," ಎಂದಳು.

ಮರುದಿನ ಎರಡೂ ತಾಲೂಕಿಗೆ ಶಾಲೆ ಇತ್ತು, ಮಳೆಯೂ ಇತ್ತು. ಒಂದು ಗಂಟೆ ತಡವಾಗಿ ಬರುತ್ತೇನೆಂದು ಗುಡ್ಡೆಗೆ ಫೋನು ಮಾಡಿ, ಒಂದೇ ಕೊಡೆಯಲ್ಲಿ ಇಬ್ಬರೂ ಸಂಕ ದಾಟಿದರು. ಹೆಡ್‌ಮಾಸ್ಟರು ಟಿ.ಸಿ. ಓದಿ, ಇವಳನ್ನು ಎರಡು ಸಲ ನೋಡಿ, "ನಿನ್ನೆ..." ಎಂದು ತಡವರಿಸಿ, "ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ," ಎಂದು ತಾವೇ ಕುರ್ಚಿ ಎಳೆದುಕೊಟ್ಟರು. ಪ್ರಶ್ನೆ ಒಂದೂ ನೆನಪಾಗಲಿಲ್ಲ. ಮಗಳು ಹೊಸ ಕ್ಲಾಸಿನ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಒಳಗೆ ಹೋದಳು. ಆಮೇಲೆ ಸುಗುಣ ಕಟ್ಟಡದ ಹಿಂದಕ್ಕೆ ಬಂದಳು. ಪ್ರಫುಲ್ಲಾ ಒಲೆಯ ಎದುರು ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

"ನನ್ನ ಹೆಣ್ಣ್ ಇವತ್ತ್ ಸಾಲಲ್ಲಿ ಬತ್ತ್. ಮೋಕ್ಷಿತಾ ಅಂತ. ಅದ್ ಇನ್ನೊಂಚೂರ್ ಬೇಕ್ ಅಂತ ಬಾಯ್ ಬಿಟ್ಟ್ ಕೇಳುದಿಲ್ಲ," ಎಂದಳು ಸುಗುಣ. ಪಕ್ಕದಲ್ಲಿ ಕೂತು ಅವಳೂ ಒಂದು ಕಡ್ಡಿ ಸೊಪ್ಪು ಎತ್ತಿಕೊಂಡಳು. "ನೀವೇ ಕೇಳ್ಕ್ ಅಕ್ಕ. ಮುಖ ಕಂಡ್ ಕೇಳ್ಕ್."

ಪ್ರಫುಲ್ಲಾ ಸೊಪ್ಪಿನ ಕಡ್ಡಿಯನ್ನು ಬದಿಗಿಟ್ಟಳು. "ಇದೇ ಮಾತ್ ನಿಮ್ಗ್ ಹೇಳೂಕೆ ಅಂತ ಎರಡ್ ವರ್ಷದ್ ಹಿಂದೆ ನಾನ್ ಸಂಕದ ತನಕ ಬಂದಿದ್ದೆ," ಎಂದಳು. "ನಿಮ್ಮ ಗುರ್ತ ಇಲ್ಲ, ಹ್ಯಾಂಗೆ ಹೇಳೂದ್ ಅಂತ ತಿರ್ಗಿ ಹೋದೆ. ನಾ ಹೇಳದಿದ್ರೂ ನೀವ್ ನನ್ನ ಅಕ್ಷಯಾನ ಹತ್ರ ದಿನಾ ಕೇಳಿದ್ರಿ ಅಕ್ಕ."